ಕೊಟ್ಟಿಗೆಹಾರ ಜಂಕ್ಷನ್ ರದ್ದಾಗಿದೆ

ಗೆಳೆಯರೇ, ಮೂಡಿಗೆರೆಯ ಸೈಬರ್ ಕೆಫೆಯಲ್ಲಿ ಕುಳಿತೇ ಈ ಬ್ಲಾಗ್ ಬರೆಯುತ್ತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ.

ಪುಟ್ಟ ಮಾದರಿ ರೈಲು ಕಟ್ಟುವವರ ಆನ್‌ಲೈನ್ ಗುಂಪಿನಲ್ಲಿ ನನ್ನ ಅಡ್ಡಹೆಸರು ‘ಕೊಟ್ಟಿಗೆಹಾರ ಜಂಕ್ಷನ್’. ಶೂ ಡಬ್ಬಿಗಳಲ್ಲಿ ನಾನು ಕಟ್ಟಿದ ಸ್ಟೇಷನ್ನಿಗೂ ಅದೇ ಹೆಸರು. ಫೋಟೋದ ಕೆಳಗೆ ‘ನಮ್ಮೂರಿಗೆ ರೈಲಿಲ್ಲ, ಇದು ನಮ್ಮ ಮನೆಯಲ್ಲಿ ಮಾತ್ರ’ ಎಂದೂ ಬರೆದಿದ್ದೆ.

ಗುಂಪು ನಡೆಸುವ, ಎಸ್ಟೇಟಿನ ಸುಧೀರಣ್ಣ ಇವತ್ತು ಇಲ್ಲೇ ಸಿಕ್ಕರು.

‘ಕೊಟ್ಟಿಗೆಹಾರದಲ್ಲಿ ರೈಲ್ ಎಲ್ಲಿದೆ ಮಾರಾಯ? ಸುಳ್ಳು ಹೆಸರು ನಡಿಯಲ್ಲ, ಬದಲಾಯ್ಸು.’

‘ನೀವು ಸ್ಟೇಷನ್ ಮಾಸ್ಟರ್ ಅಂತ ಇಟ್ಕೊಂಡಿದೀರಲ್ಲಣ್ಣ, ಯಾವ ಸ್ಟೇಷನ್ನು?’

‘ಅದು ಬರೀ ತಮಾಷೆಗೆ ಕಣೋ.’

‘ಗುಂಪಲ್ಲಿ ಎಂಜಿನ್ ಡ್ರೈವರ್ ಅಂತ ಹೆಸರು ಇಟ್ಕೊಂಡಿರೋರಿಗೆ ಸ್ಕೂಟರೂ ಓಡ್ಸಕ್ಕೆ ಬರಲ್ಲ. ಅದೂ ತಮಾಷೆನಾ?’

ಅವರ ಮುಖ ಕೆಂಪಾಯಿತು. ‘ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೋನು ನಂಗೆ ಪಾಠ ಹೇಳ್ಬೇಡ. ಗ್ಯಾಂಗ್‌ಮನ್ ಅಂತ ಇಟ್ಕೋ, ನಿಂಗೆ ಅದೇ ಸರಿ.’

ಗ್ಯಾಂಗ್‌ಮನ್ ಹಳಿ ಕಾಯದಿದ್ದರೆ ಯಾವ ಮಾಸ್ಟರಿಗೂ ರೈಲು ಬಿಡಲಾಗದು. ಆ ಕೆಲಸ ಕೀಳೆಂದು ನನಗೆ ಅನ್ನಿಸಿಲ್ಲ. ಆದರೆ ಅವರು ಅದನ್ನು ಬೈಗುಳದಂತೆ ಎಸೆದರು. ‘ಆಗಲ್ಲ’ ಎಂದೆ. ಅವರು ಪಕ್ಕದ ಕಂಪ್ಯೂಟರಿನಲ್ಲಿ ಕುಳಿತು, ನನ್ನ ಕಣ್ಣೆದುರೇ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು. ಒಂದು ವರ್ಷದ ಫೋಟೋಗಳೂ ಹೋದವು.

ಸುಳ್ಳು ಹೆಸರಿಗೆ ಜಾಗವಿಲ್ಲದ ಆ ಗುಂಪಿನಲ್ಲಿ ಈಗ ಸ್ಟೇಷನ್ನೇ ಇಲ್ಲದ ಸ್ಟೇಷನ್ ಮಾಸ್ಟರೂ ಸ್ಕೂಟರ್ ಬಾರದ ಎಂಜಿನ್ ಡ್ರೈವರೂ ನೆಮ್ಮದಿಯಾಗಿದ್ದಾರೆ. ಸ್ಟೇಷನ್ ಇದ್ದವನು ಒಬ್ಬನೇ ಇದ್ದ, ಅವನನ್ನು ಇಳಿಸಿದ್ದಾರೆ.