ಒಲೆ ಮುಟ್ಟದ ಎಂಟು ದಿನ

ನಮ್ಮ ಮನೆಯಲ್ಲಿ ನನಗೆ ತಿಳಿಯಬಾರದ್ದನ್ನು ತುಳುವಿನಲ್ಲಿ ಹೇಳುತ್ತಾರೆ, ತಿಳಿಯಲೇಬೇಕಾದದ್ದನ್ನು ಕನ್ನಡದಲ್ಲಿ. ಮದುವೆಯಾಗಿ ಹದಿನೈದು ವರ್ಷವಾದರೂ ಈ ಏರ್ಪಾಡು ಬದಲಾಗಿಲ್ಲ. ನಾನು ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು, ಹಿರಿಯರು ವಿಜಯಪುರದ ಕಡೆಯವರು. ಅತ್ತೆ ಮಾವ ಉಡುಪಿಯ ಕಡೆಯವರು. ಹಾಗಾಗಿ ಆ ಭಾನುವಾರ ಡೊಂಬಿವಲಿಯ ನಮ್ಮ ಮನೆಯ ಹಾಲಿನಲ್ಲಿ ಅತ್ತೆ ಕನ್ನಡದಲ್ಲಿ ಮಾತು ಶುರು ಮಾಡಿದಾಗ, ಇದರಲ್ಲಿ ನನಗೂ ಏನೋ ಇದೆ ಎಂದು ಕಿವಿ ಚುರುಕಾಯಿತು.

"ನಾನು ಬರ್ತೇನೆ. ಆದ್ರೆ ಎಂಟು ದಿನ ಒಲೆ ಮುಟ್ಟುದಿಲ್ಲ," ಎಂದರು. "ಚಾ ಸಹ ಮಾಡುದಿಲ್ಲ. ಈಗ್ಲೇ ಹೇಳಿದ್ದೇನೆ, ಮತ್ತೆ ದಾರಿಯಲ್ಲಿ ನನ್ನ ಮುಖ ನೋಡ್ಬೇಡಿ."

ಪ್ರವಾಸದ ಹುಚ್ಚು ನನ್ನ ಗಂಡನದು. ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಪುಟ್ಟ ಮನೆಯನ್ನು, ಅಂದರೆ ಕ್ಯಾಂಪರ್ ಟ್ರೇಲರನ್ನು, ಘಣಸೋಲಿಯಲ್ಲಿ ಒಬ್ಬರು ಬಾಡಿಗೆಗೆ ಕೊಡುತ್ತಾರೆಂದು ಅವನು ಪತ್ತೆ ಹಚ್ಚಿದ್ದ. ಮಗಳ ಡಿಸೆಂಬರ್ ರಜೆಯಲ್ಲಿ ಕಛ್‌ನ ಉಪ್ಪುಬಯಲಾದ ರಣಕ್ಕೆ ಹೋಗುವುದು, ಹೋಟೆಲಿಲ್ಲ, ಊರಿಲ್ಲ ಎನ್ನುವಂಥ ರಸ್ತೆಗಳಲ್ಲಿ ಸುತ್ತುವುದು, ನಿಂತಲ್ಲೇ ಮಲಗುವುದು. ಅತ್ತೆಯ ಷರತ್ತಿಗೆ ಎಲ್ಲರೂ ತಲೆಯಾಡಿಸಿದರು. ಒಪ್ಪಿದ್ದು ಏನನ್ನು ಎಂದು ಯಾರೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ.

ಅತ್ತೆ ಒಲೆ ಬಿಟ್ಟಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮಾವ ಕಲ್ಯಾಣ ಸ್ಟೇಷನ್ನಿನ ಹತ್ತಿರ ಹೋಟೆಲ್ ತೆರೆದ ಹೊಸದರಲ್ಲಿ ಸಾಂಬಾರಿನ ಮಸಾಲೆ ಹುರಿದದ್ದು, ಚಟ್ನಿ ಅರೆದದ್ದು ಮನೆಯಲ್ಲಿ ಅತ್ತೆಯೇ. ಟಿಟ್ವಾಳಾದ ಗಣಪತಿಯ ಗುಡಿಗೆ ಹೋಗಬೇಕಾದರೂ ನಸುಕಿಗೇ ಎದ್ದು ಡಬ್ಬಿ ತುಂಬ ಚಿತ್ರಾನ್ನ ಮಾಡುತ್ತಿದ್ದರು. ಮನೆಯಲ್ಲಿ ದೋಸೆ ಮಾಡಿದ ದಿನ ಎಲ್ಲರದೂ ಮುಗಿದ ಮೇಲೆ ಕೊನೆಯ ಎರಡನ್ನು ಒಟ್ಟಿಗೆ ಹೊಯ್ದು, ಗ್ಯಾಸ್ ಕಟ್ಟೆ ಒರೆಸಿ, ಆಮೇಲೆ ತಿನ್ನುತ್ತಿದ್ದರು. ಅಷ್ಟರಲ್ಲಿ ದೋಸೆ ಆರಿ ಚರ್ಮದಂತಾಗಿರುತ್ತಿತ್ತು. ಅದು ಅವರ ಇಷ್ಟ ಎಂದೇ ನಾನು ತಿಳಿದಿದ್ದೆ, ಏಕೆಂದರೆ ಹಾಗೆ ತಿಳಿಯುವುದು ನನಗೂ ಅನುಕೂಲವಾಗಿತ್ತು.

ಘಣಸೋಲಿಯಲ್ಲಿ ಟ್ರೇಲರಿನ ಮಾಲೀಕ ಹಿಂಭಾಗದ ಉದ್ದನೆಯ ಡ್ರಾಯರ್ ಎಳೆದ. ಒಳಗೆ ಎರಡು ಬರ್ನರಿನ ಸ್ಟವ್, ಸಿಂಕು, ಪಾತ್ರೆಗಳಿಗೆ ಗೂಡು. "ಆಂಟಿ, ಕಿಚನ್ ದೇಖ್ ಲೀಜಿಯೇ," ಎಂದು ಅತ್ತೆಯನ್ನೂ ನನ್ನನ್ನೂ ಕರೆದ. ಅತ್ತೆ ಗಂಡಸರಿಬ್ಬರ ಕಡೆ ಕೈ ತೋರಿಸಿ, "ಉನಕೋ ದಿಖಾವ್," ಎಂದು ಹೇಳಿ ಕಾರಿನಲ್ಲಿ ಹೋಗಿ ಕೂತರು.

ಮಾಜಿವಾಡಾದ ಟ್ರಾಫಿಕ್ಕಿನಲ್ಲಿ ಹಿಂದೆ ಎಳೆಯುತ್ತಿದ್ದ ಮನೆಯನ್ನು ಯಾವುದಾದರೂ ರಿಕ್ಷಾಕ್ಕೆ ತಾಗಿಸಿಬಿಡುತ್ತೇನೆಂದು ಗಂಡ ಬೆವರಿದ. ಘೋಡಬಂದರ್ ರಸ್ತೆ ದಾಟಿ ಅಹಮದಾಬಾದ್ ಹೈವೇ ಹಿಡಿದ ಮೇಲೆ ಅವನ ಬಾಯಿ ಬಿಚ್ಚಿತು. ಊಟ, ಚಹಾ ಎಲ್ಲ ಧಾಬಾಗಳಲ್ಲಿ. ಷರತ್ತು ಸಲೀಸಾಗಿ ನಡೆಯಿತು.

ವಡೋದರಾ ದಾಟಿ ಟ್ರೇಲರಿನ ಬಾಗಿಲು ತೆರೆದಾಗ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಮಾವ ಯಾರಿಗೂ ಹೇಳದೆ ಹೋಟೆಲಿನಿಂದ ಒಂದು ದೊಡ್ಡ ಸ್ಟೀಲಿನ ಡಬ್ಬಿಯಲ್ಲಿ ದೋಸೆಹಿಟ್ಟು ತಂದು ಹಾಸಿಗೆಯ ಪಕ್ಕ ಇಟ್ಟಿದ್ದರು. ಬಿಸಿಲಿಗೆ ಹಿಟ್ಟು ಉಕ್ಕಿ, ಮುಚ್ಚಳ ಎತ್ತಿ, ಹಾಸಿಗೆಯ ಅಂಚಿಗೆ ಇಳಿದಿತ್ತು. ಪಕ್ಕದ ಚೀಲದಲ್ಲಿ ಕಾವಲಿ, ಸಟ್ಟುಗ ಕೂಡ ಇದ್ದವು.

"ಇರ್ಲಿ ಅಂತ ತಂದದ್ದು," ಎಂದರು ಮಾವ.

"ಯಾರಿಗೆ ಇರ್ಲಿ ಅಂತ?" ಎಂದು ಅತ್ತೆ ಕೇಳಿದರು. ಒರೆಸುವುದೂ ಒಲೆಗೇ ಸೇರಿದ ಕೆಲಸ ಎಂದು ಅತ್ತೆ ತೀರ್ಮಾನಿಸಿದ್ದರಿಂದ ಗಂಡ ಒರೆಸಿದ. ಉಳಿದ ಅರ್ಧ ಹಿಟ್ಟು ಪುಟ್ಟ ಫ್ರಿಜ್ಜಿಗೆ ಹೋಯಿತು.

ನಾಲ್ಕನೆಯ ಬೆಳಿಗ್ಗೆ ರಣದ ರಸ್ತೆಯಲ್ಲಿ ಟ್ರೇಲರಿನ ಟೈರು ಹೋಯಿತು. ಸ್ಟೆಪ್ನಿಯಲ್ಲೂ ಗಾಳಿಯಿರಲಿಲ್ಲ. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಬಿಳಿ ಉಪ್ಪು, ನಡುವೆ ಡಾಂಬರು, ಫೋನಿಗೆ ನೆಟ್‌ವರ್ಕ್ ಇಲ್ಲ. ಗಂಡ ಕಾರನ್ನು ಬಿಡಿಸಿಕೊಂಡು, ಟೈರು ಹಾಕಿಕೊಂಡು ಹಿಂದಿನ ಊರಿಗೆ ಹೊರಟ. ಬರುವಾಗ ತಿಂಡಿ ತರುತ್ತೇನೆಂದ. ಮನೆಯನ್ನು ನಡುರಸ್ತೆಯಲ್ಲಿ ಬಿಟ್ಟು ಹೋಗುವಂತಿಲ್ಲವಲ್ಲ, ನಾವು ನಾಲ್ವರು ಉಳಿದೆವು.

ಎರಡು ತಾಸು ಕಳೆದರೂ ಅವನ ಸುಳಿವಿಲ್ಲ. ಮಗಳು ಕೊನೆಯ ಬಿಸ್ಕಿಟು ಮುಗಿಸಿದ್ದಳು. ಮಾವನಿಗೆ ಶುಗರ್, ತಿಂಡಿ ಈಗ ಬಂತು ಎಂದುಕೊಂಡು ಮಾತ್ರೆ ಬೇರೆ ನುಂಗಿ ಕೂತಿದ್ದರು. ಅವರು ಟ್ರೇಲರಿಗೆ ಎರಡು ಸುತ್ತು ಹಾಕಿ, ಮಡಚುವ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆಯ ಮುಂದೆ ನಿಂತರು.

"ಮಾತ್ರೆ ತಗೊಂಡಾಗಿದೆ ಮಾರಾಯ್ತಿ," ಎಂದರು. ಕನ್ನಡದಲ್ಲಿ.

"ಹಿಟ್ಟುಂಟು, ಕಾವಲಿ ಉಂಟು, ನಿಮಗೆ ಎರಡು ಕೈ ಉಂಟು," ಎಂದರು ಅತ್ತೆ.

ಆಗ ಮಾವ ನನ್ನ ಕಡೆ ನೋಡಿದರು. ಮಗಳೂ ನೋಡಿದಳು. ನಾನು ಆಗಲೇ ಅರ್ಧ ಎದ್ದಿದ್ದೆ. ಒಳ್ಳೆಯತನದಿಂದಲ್ಲ, ಅಭ್ಯಾಸದಿಂದ. "ನಾ ಮಾಡ್ತೀನಿ ಬಿಡ್ರಿ ಅತ್ತಿ," ಎಂದೆ.

"ಕೂತ್ಕೋ. ನಾನು ಹೇಳಿದ್ದು ನಿನ್ನನ್ನೂ ಸೇರಿಸಿಯೇ."

ನಾನು ಕೂತೆ. ಮೊದಲು ನನಗೆ ಸಿಟ್ಟು ಬಂತು. ಒಬ್ಬ ಮುದುಕನನ್ನು ಹಸಿವಿನಲ್ಲಿ ನಿಲ್ಲಿಸಿ ಪಾಠ ಕಲಿಸಬೇಕೆ ಎನಿಸಿತು. ಆಮೇಲೆ ನೋಡಿದರೆ ಪಾಠ ಕಲಿಸುವ ಭಾವವೇನೂ ಅತ್ತೆಯ ಮುಖದಲ್ಲಿರಲಿಲ್ಲ. ಅವರು ಉಪ್ಪನ್ನು ನೋಡುತ್ತಿದ್ದರು, ಆದರೆ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಎದ್ದುಬಿಡದಂತೆ ತಮ್ಮನ್ನೇ ಹಿಡಿದು ಕೂರಿಸಿದ್ದರು.

ಉಡುಪಿ ಹೋಟೆಲಿನವರಿಗೆ ದೋಸೆ ಬಾರದೇ ಎಂದು ಯಾರಾದರೂ ಕೇಳಬಹುದು. ಮಾವ ಟೇಬಲ್ ಒರೆಸಿದವರು, ಸಪ್ಲೈ ಮಾಡಿದವರು, ಕಡೆಗೆ ಗಲ್ಲಾದಲ್ಲಿ ಕೂತವರು. ಒಳಗಿನದು ಭಟ್ಟರ ರಾಜ್ಯ. ಗಲ್ಲಾದಲ್ಲಿ ಕೂತೇ ತಟ್ಟೆ ನೋಡಿ ದೋಸೆಯ ಹತ್ತು ತಪ್ಪು ಹೇಳಬಲ್ಲರು, ಆದರೆ ಒಂದನ್ನೂ ಹೊಯ್ದವರಲ್ಲ.

ಅವರು ಡ್ರಾಯರ್ ಎಳೆದರು. ಮೊದಲ ದೋಸೆ ಕಾವಲಿ ಬಿಡಲಿಲ್ಲ. ಎರಡನೆಯದು ಅರ್ಧ ಎದ್ದಿತು. ಗಾಳಿ ಜಾಸ್ತಿ, ಕಾವಲಿ ಓರೆ, ಸ್ಟವ್ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಗಳು ಬಗ್ಗಿ ನೋಡಿ, "ಅಜ್ಜಾ, ಯೇ ತೋ ಗುಜರಾತ್ ಕಾ ಮ್ಯಾಪ್ ಬನ್ ಗಯಾ," ಎಂದಳು. ಮಾವ ಆ ಮ್ಯಾಪನ್ನು ನಿಂತೇ ಬಾಯಿಗೆ ಹಾಕಿಕೊಂಡರು. ಸಕ್ಕರೆ ಇಳಿದೀತೆಂಬ ಭಯ ಅಲ್ಲಿಗೆ ಮುಗಿಯಿತು.

ಮೂರನೆಯದು ದುಂಡಗೆ ಅಲ್ಲದಿದ್ದರೂ ಇಡಿಯಾಗಿ ಬಂತು. ಅದನ್ನು ತಟ್ಟೆಗೆ ಹಾಕಿ, ಒಂದು ಕ್ಷಣ ನಿಂತು, ಹಳೆಯ ಸಪ್ಲೈಯರನ ಹಾಗೆ ಅಂಗೈ ಮೇಲಿಟ್ಟುಕೊಂಡು ತಂದು ಅತ್ತೆಯ ತೊಡೆಯ ಮೇಲಿಟ್ಟರು. ಅತ್ತೆ ಮುರಿಯಲು ಬೆರಳಿಟ್ಟವರು ತಟ್ಟನೆ ಹಿಂದಕ್ಕೆ ಎಳೆದುಕೊಂಡರು.

"ಬಿಸಿ ಉಂಟು," ಎಂದರು, ದೂರು ಹೇಳುವವರಂತೆ. ನಲವತ್ತು ವರ್ಷ ದೋಸೆ ಹೊಯ್ದವರಿಗೆ, ತಟ್ಟೆಯಲ್ಲಿ ಅದು ಇಷ್ಟು ಬಿಸಿಯಾಗಿರುತ್ತದೆಂದು ಮರೆತುಹೋಗಿತ್ತು. ಅವರು ಊದಿ ಊದಿ ತಿಂದು ಮುಗಿಸಿ, "ಹುಳಿ ಬಂದಿದೆ. ಉಪ್ಪು ಕಮ್ಮಿ. ಇನ್ನೊಂದು ಹಾಕಿ," ಎಂದರು. ಸುತ್ತ ಮೈಲಿಗಟ್ಟಲೆ ಉಪ್ಪು ಬಿದ್ದಿತ್ತು. ಮಾವ ಇನ್ನೊಂದು ಹಾಕಿದರು.

ಗಂಡ ಮಧ್ಯಾಹ್ನ ಕಡಲೆಹಿಟ್ಟಿನ ತಣ್ಣನೆಯ ಫಾಫಡಾ ಹಿಡಿದುಕೊಂಡು ಬಂದ. ಮುಂದಿನ ದಿನಗಳಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಡೊಂಬಿವಲಿ ಮುಟ್ಟಿದೆವು. ಟ್ರೇಲರನ್ನು ಸಂಜೆ ಘಣಸೋಲಿಗೆ ಮುಟ್ಟಿಸಬೇಕಿತ್ತು, ಅಲ್ಲಿಯವರೆಗೆ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿದೆವು. ನಾನು ಎರಡು ಚೀಲ ಹೊತ್ತು ಮೇಲೆ ಹೋದೆ, ಕಿಟಕಿ ತೆರೆದೆ, ಬಟ್ಟೆ ಮಷೀನಿಗೆ ಹಾಕಿದೆ. ಅತ್ತೆ ಇನ್ನೂ ಕೆಳಗೇ ಇದ್ದರು. ಐದು ಕಪ್ ಚಹಾ ಮಾಡಿ, ಮೂರನ್ನು ಮುಚ್ಚಿಟ್ಟು, ಟ್ರೇ ಹಿಡಿದು ಇಳಿದೆ.

ಅತ್ತೆ ಟ್ರೇಲರಿನ ಪಕ್ಕ ಅದೇ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಮಾವ ಪಕ್ಕದಲ್ಲಿ ನಿಂತು ವಾಚ್‌ಮನ್‌ಗೆ ಸ್ಟವ್ ತೋರಿಸುತ್ತಿದ್ದರು. ಕಪ್ ಚಾಚಿದೆ. ಅತ್ತೆ ತೆಗೆದುಕೊಳ್ಳಲಿಲ್ಲ.

"ಯಾರು ಮಾಡಿದ್ದು?"

"ನಾನಽ ರೀ."

"ಸಂಜೆವರೆಗೆ ಉಂಟಲ್ಲ," ಎಂದರು. "ನಿನ್ನ ಎಂಟು ದಿನ ಆಗ್ಲೇ ಮುಗೀತಾ?"

ಗ್ಯಾಸ್ ಹಚ್ಚಿದ್ದು ನನಗೆ ನೆನಪೇ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಯಾರೂ ನನ್ನ ಮುಖ ನೋಡಿರಲಿಲ್ಲ. ಟ್ರೇಯನ್ನು ಡ್ರಾಯರಿನ ಮೇಲಿಟ್ಟು, ಮಡಚಿಟ್ಟಿದ್ದ ಇನ್ನೊಂದು ಕುರ್ಚಿ ಬಿಡಿಸಿ ಅವರ ಪಕ್ಕ ಕೂತೆ. ಆ ಎರಡೂ ಕಪ್ ಚಹಾವನ್ನು ಮಾವ, ವಾಚ್‌ಮನ್ ಕುಡಿದರು.