ಬೂದು ಬೆಕ್ಕಿನ ಗುರುಗುರು

ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಆ ಆಶ್ರಯಕ್ಕೆ ಅವಳು ಸೇರಿದ್ದು ಗೂಡು ತೊಳೆಯುವ ಕೆಲಸಕ್ಕೆ. ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ನೋಡಲು ಬಂದ ಮಕ್ಕಳು ಸರಳುಗಳ ಸಂದಿಯಲ್ಲಿ ಬೆರಳು ತೂರಿಸಿ ಕಚ್ಚಿಸಿಕೊಳ್ಳುವುದು ಹೆಚ್ಚಾದಾಗ ಆಶ್ರಯದ ಡಾಕ್ಟರಮ್ಮ ಅವಳನ್ನು ಕರೆದು, ಶನಿವಾರ ಒಂದು ಗಂಟೆ ಈ ಮಕ್ಕಳಿಗೆ ಬುದ್ಧಿ ಹೇಳು ಎಂದರು. ಹೇಳುತ್ತ ಹೇಳುತ್ತ ಅದೇ ತರಗತಿಯಾಯಿತು. ಮೊದಲ ಪಾಠ ಬಾಲದ್ದೇ ಆದ್ದರಿಂದ ಮಕ್ಕಳು ಅವಳಿಗೆ ಬಾಲದ ಟೀಚರ್ ಎಂದು ಹೆಸರಿಟ್ಟರು. ಇದು ಕಿವಿಗೆ ಬಿದ್ದ ದಿನ ಅವಳ ಅತ್ತೆ, ನಾಯಿಯ ಬಾಲ ಓದುವವಳಿಗೆ ನನ್ನ ಮಗನ ಮುಖ ಓದಲು ಬಾರದಲ್ಲ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ದರ್ಜಿ ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತಿರಲಿಲ್ಲ.

ಪಾಠ ನಡೆಯುತ್ತಿದ್ದುದು ಫಿನಾಯಿಲ್ ವಾಸನೆಯ ಉಗ್ರಾಣದಲ್ಲಿ. ಗುರುತಿಲ್ಲದ ನಾಯಿಯ ಕಣ್ಣಲ್ಲಿ ಕಣ್ಣಿಡಬಾರದು, ಮೊಲವನ್ನು ಕಿವಿ ಹಿಡಿದು ಎತ್ತಬಾರದು, ಒಳ್ಳೆ ಮಾರ್ಕ್ಸ್ ಬಂತೆಂದು ಮರಿ ಕೊಡಿಸಿ ಅಂತ ಹಟ ಹಿಡಿಯಬಾರದು. ಬೆಕ್ಕಿನ ಪಾಠಕ್ಕೆ ಮಾತ್ರ ಅವಳು ಅಲ್ಲಿದ್ದ ಒಂದು ಬೂದು ಬೆಕ್ಕನ್ನೇ ಎತ್ತಿ ತರುತ್ತಿದ್ದಳು. ಯಾರು ಮುಟ್ಟಿದರೂ ಅದು ಗುರುಗುರು ಎನ್ನುತ್ತಿತ್ತು. ಕಿವಿಯಿಟ್ಟು ಕೇಳಿ, ಖುಷಿಯಾಗಿರುವ ಬೆಕ್ಕಿನ ಸದ್ದು ಇದು ಎನ್ನುತ್ತಿದ್ದಳು. ಮಕ್ಕಳು ಸಾಲಾಗಿ ಬಂದು ಕಿವಿಯಿಡುತ್ತಿದ್ದರು.

ದಪ್ಪ ಕನ್ನಡಕದ ಹುಡುಗಿಯೊಬ್ಬಳು ಕಂಡದ್ದನ್ನೆಲ್ಲ ಬರೆದಿಟ್ಟುಕೊಳ್ಳುವವಳು. ಒಂದು ಶನಿವಾರ ಅವಳು, ಬೆಕ್ಕು ತಟ್ಟೆಯ ಮುಂದೆ ಕೂತು ತಿನ್ನದೆಯೂ ಗುರುಗುಟ್ಟುತ್ತದಲ್ಲ ಎಂದಳು. ಹೊಟ್ಟೆ ತುಂಬಿರಬೇಕು ಎಂದು ಟೀಚರ್ ತೇಲಿಸಿಬಿಟ್ಟಳು. ಇನ್ನೆರಡು ವಾರ ಕಳೆದ ಮೇಲೆ ಹುಡುಗಿ ನೋಟ್‌ಬುಕ್ಕನ್ನೇ ಮುಂದೆ ಹಿಡಿದಳು. ಮೂರು ಶನಿವಾರ ತಟ್ಟೆ ತುಂಬಿಯೇ ಇತ್ತು, ಬೆಕ್ಕು ತಲೆ ಕೆಳಗೆ ಹಾಕಿ ಮುದುಡಿ ಕೂತಿತ್ತು, ಜೊಲ್ಲು ಒಂದೇ ಕಡೆ ಸುರಿಯುತ್ತಿತ್ತು. ಹತ್ತೊಂಬತ್ತು ವರ್ಷ ನೋಡಿದವಳಿಗೆ ಮೂರು ವಾರ ನೋಡಿದವಳು ಹೇಳಿಕೊಡುವುದೇ ಎಂದು ಟೀಚರ್‌ಗೆ ಒಳಗೊಳಗೇ ಉರಿಯಿತು.

ಆದರೂ ಮನಸ್ಸು ತಡೆಯದೆ, ಮಕ್ಕಳು ಹೋದ ಮೇಲೆ ಬೆಕ್ಕಿನ ಬಾಯಿ ಬಿಡಿಸಿ ನೋಡಿದಳು. ಕೊಳೆತ ವಾಸನೆ ಮುಖಕ್ಕೆ ಹೊಡೆಯಿತು. ಬಾಯಿ ಬಿಡಿಸಿ ಹಿಡಿದಿದ್ದರೂ ಬೆಕ್ಕು ಗುರುಗುರು ಎನ್ನುತ್ತಲೇ ಇತ್ತು.

ಡಾಕ್ಟರಮ್ಮ ಬಂದು ನೋಡಿದರು. ಎರಡು ಹಲ್ಲು ಹಾಳಾಗಿ ಒಸಡಿನಲ್ಲಿ ಕೀವು ತುಂಬಿತ್ತು.

"ನೋವಿದ್ದಾಗ್ಲೂ ಗುರುಗುಟ್ಟುತ್ತೆ, ಹೆದರಿದಾಗ್ಲೂ. ನಿನಗೆ ಗೊತ್ತಿದೆ ಅಂತ್ಲೇ ಅಂದ್ಕೊಂಡಿದ್ದೆ" ಎಂದರು, ಕೈಗವಸು ಹಾಕಿಕೊಳ್ಳುತ್ತ.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಹಲ್ಲು ಕಿತ್ತಾಯಿತು, ಬೆಕ್ಕು ಉಳಿಯಿತು. ಅವಳ ತಲೆ ಮಾತ್ರ ಗೊಂದಲದ ಗೂಡಾಯಿತು. ಮಡಿಲಲ್ಲಿ ಗುರುಗುಟ್ಟುತ್ತ ಕೂತ ಬೆಕ್ಕುಗಳೆಲ್ಲ ಸಾಲಾಗಿ ನೆನಪಿಗೆ ಬಂದವು. ಯಾವುದು ಸುಖದಲ್ಲಿತ್ತು, ಯಾವುದು ನರಳುತ್ತಿತ್ತು? ನೀನೇನು ಬೇಕಂತ ಮಾಡಿದ್ದಲ್ಲವಲ್ಲ ಎಂದ ಗಂಡ. ಆ ಮಾತಿನಿಂದ ಸಮಾಧಾನವಾಯಿತೋ ಸಂಕಟವಾಯಿತೋ ಅವಳಿಗೇ ತಿಳಿಯಲಿಲ್ಲ.

ಮುಂದಿನ ಶನಿವಾರ ಮಕ್ಕಳೆದುರು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹಾಗಾದರೆ ಬೆಕ್ಕಿಗೆ ಖುಷಿಯಾಗಿದೆ ಅಂತ ತಿಳಿಯುವುದು ಹೇಗೆ ಎಂದು ಒಬ್ಬ ಕೇಳಿದ.

"ಒಂದೇ ಗುರುತು ಹಿಡ್ಕೊಂಡ್ರೆ ತಿಳಿಯಲ್ಲ. ತಿನ್ನೋದು, ಕೂರೋದು, ಕಣ್ಣು, ಎಲ್ಲಾ ಸೇರಿಸಿ ನೋಡ್ಬೇಕು. ಅಷ್ಟು ನೋಡಿದ್ಮೇಲೂ ನಾವು ತಪ್ಪಬಹುದು."

ಕನ್ನಡಕದ ಹುಡುಗಿಯನ್ನು ಹೊಗಳಬೇಕೆಂದುಕೊಂಡಿದ್ದಳು. ಹುಡುಗಿ ಅಳುಮುಖ ಮಾಡಿಕೊಂಡು ನಿಂತಿದ್ದಳು.

"ನಾನು ಅದರ ಕೆನ್ನೆಗೇ ಕಿವಿ ಒತ್ತಿದ್ದೆ ಟೀಚರ್. ನೋವಾಗಿರುತ್ತಾ?"

ಅವಳು ಹುಡುಗಿಯ ಪಕ್ಕದಲ್ಲೇ ಕುಕ್ಕರಿಸಿದಳು. ಗೊತ್ತಿಲ್ಲ ಕಣೆ ಎಂದಷ್ಟೇ ಬಾಯಿಗೆ ಬಂತು. ಬೆಕ್ಕು ಗೂಡಿನಲ್ಲಿ ಮೆತ್ತಗಿನ ಅನ್ನ ನೆಕ್ಕುತ್ತಿತ್ತು. ಅದನ್ನು ಯಾರೂ ಎತ್ತಿಕೊಳ್ಳದೆ, ದೂರದಿಂದಲೇ ನೋಡಿ ಆ ದಿನದ ಪಾಠ ಮುಗಿಸಿದರು.

ಭಾನುವಾರ ಅವಳು ಗಡಿಯಾರ ರಿಪೇರಿಯ ಮುದುಕರ ಅಂಗಡಿಗೆ ಹೋದಳು. ಮೂರು ವರ್ಷದ ಹಿಂದೆ ಅವರ ಬೆಕ್ಕು ಆಶ್ರಯದಲ್ಲಿ ಅವಳ ಮಡಿಲಲ್ಲೇ ಗುರುಗುಟ್ಟುತ್ತ ಪ್ರಾಣ ಬಿಟ್ಟಿತ್ತು. ಸುಖವಾಗಿ ಹೋಯಿತು ಎಂದು ಅವಳೇ ಹೇಳಿ ಕಳಿಸಿದ್ದಳು. ಈಗ ನಿಜ ಹೇಳಿಬಿಡುವುದೆಂದು ಗಟ್ಟಿಮನಸ್ಸು ಮಾಡಿ ಬಂದಿದ್ದಳು. ಗಾಜಿನ ಮೇಜಿನ ಮೇಲೆ ಹೊಸ ಬೆಕ್ಕೊಂದು ಮಲಗಿತ್ತು.

"ಅವತ್ತು ನೀವು ಆ ಮಾತು ಹೇಳ್ದೇ ಹೋಗಿದ್ರೆ ನಾನು ಇನ್ನೊಂದನ್ನ ಸಾಕ್ತಾನೇ ಇರ್ಲಿಲ್ಲ" ಎಂದರು ಮುದುಕರು.

ವರ್ಷಕ್ಕೊಮ್ಮೆ ಇದರ ಹಲ್ಲು ಡಾಕ್ಟರಿಗೆ ತೋರಿಸಿ ಎಂದಳು ಅವಳು. ಯಾಕೆ, ಏನಾದರೂ ಇದೆಯಾ ಎಂದು ಅವರು ಗಾಬರಿಯಾದರು. ಏನಿಲ್ಲ, ಸುಮ್ಮನೆ ತೋರಿಸಿ ಎಂದು ಅಂಗಡಿಯಿಂದ ಇಳಿದಳು. ರಸ್ತೆಯ ತಿರುವಿನ ಬಸ್ ಸ್ಟಾಪಿನಲ್ಲಿ ನಿಂತಳು. ಹಿಂದಿರುಗಿ ಹೋಗಿ ಹೇಳುವುದು ಸರಿಯೋ, ಹೇಳದೇ ಇರುವುದು ಸರಿಯೋ ತೋಚಲಿಲ್ಲ. ಒಂದು ಬಸ್ಸು ಬಂತು, ಹೋಯಿತು. ಎರಡನೆಯದಕ್ಕೆ ಹತ್ತಿಕೊಂಡಳು.