ಎಂಟುನೂರು–ಆರುನೂರರ ಪರದೆ

2004ರ ಜೂನ್‌ನಲ್ಲಿ ನಮ್ಮ ಪತ್ರಿಕೆಯ ಉಡುಪಿ ಕಚೇರಿಗೆ ಒಂದು ಲ್ಯಾಪ್‌ಟಾಪ್ ಬಂತು. ಹೊಸದಲ್ಲ, ಪ್ರಧಾನ ಕಚೇರಿಯಲ್ಲಿ ಪುಟ ವಿನ್ಯಾಸ ಮಾಡುವವರು ಬಳಸಿ ಬಿಟ್ಟದ್ದು. ಅದರ ಜೊತೆಗೇ ಒಂದು ಸೂಚನೆ ಬಂತು. ಇನ್ನು ಕೈಬರಹದ ಸುದ್ದಿಯನ್ನು ಫ್ಯಾಕ್ಸ್ ಮಾಡುವಂತಿಲ್ಲ. ಊರುಗಳ ವರದಿಗಾರರು ತಮ್ಮ ಸುದ್ದಿಯನ್ನು ತಾವೇ ಟೈಪ್ ಮಾಡಿ, ತಾವೇ ಪರದೆಯ ಮೇಲೆ ಓದಿ ತಿದ್ದಿ ಕಳುಹಿಸಬೇಕು.

ನಾನು ಆ ಕಚೇರಿಯಲ್ಲಿ ಉಪಸಂಪಾದಕನಾಗಿದ್ದೆ. ಲ್ಯಾಪ್‌ಟಾಪನ್ನು ಹಂಚಿಕೊಳ್ಳಬೇಕಾದವರು ಇಬ್ಬರು. ಒಬ್ಬರು ಕಾಪು ಕಡೆಯ ಸುದ್ದಿ ಮಾಡುತ್ತಿದ್ದ ಹಿರಿಯರು. ಮನೆ ಎರ್ಮಾಳಿನಲ್ಲಿ, ವಯಸ್ಸು ಐವತ್ತರ ಆಸುಪಾಸು. ಇನ್ನೊಬ್ಬ ಕಾರ್ಕಳದ ವರದಿಗಾರ, ಮೂವತ್ತು ದಾಟಿರಲಿಲ್ಲ. ನಮ್ಮಲ್ಲಿ ಊರ ವರದಿಗಾರರನ್ನು ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. "ಕಾಪು ಬಂತಾ?" "ಕಾರ್ಕಳ ಎಲ್ಲಿಗೆ ಹೋಯ್ತು ಮಾರಾಯ?" ಎಂದೇ ಕೇಳುತ್ತಿದ್ದೆವು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕಾಪು ಮಧ್ಯಾಹ್ನಕ್ಕೆ ಮೊದಲು ಬಂದು ತಮ್ಮ ಸುದ್ದಿ ಟೈಪ್ ಮಾಡಿ ಹೋಗುವುದು, ಕಾರ್ಕಳ ಊಟವಾದ ಮೇಲೆ ಬರುವುದು ಎಂದು ವ್ಯವಸ್ಥೆಯಾಯಿತು. ಕಾಪು ಕಾಯಂ ನೌಕರರಲ್ಲ. ವರ್ಷ ವರ್ಷ ನವೀಕರಿಸುವ ಕರಾರಿನ ಮೇಲೆ ಇದ್ದವರು. ಹೊಸ ಸೂಚನೆ ಬಂದ ದಿನ ಅವರು ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಟೈಪಿಂಗ್ ಅವರಿಗೆ ಹೊಸದಾಗಿರಲಿಲ್ಲ. ಬೆರಳು ನೋಡದೆ ಹೊಡೆಯುತ್ತಿದ್ದರು. ತೊಂದರೆ ಬಂದದ್ದು ಓದುವಲ್ಲಿ.

ಆ ಲ್ಯಾಪ್‌ಟಾಪಿನ ಪರದೆ ಇಡೀ ಪುಟವನ್ನು ಒಮ್ಮೆಗೇ ತೋರಿಸಲೆಂದು ಆರಿಸಿದ್ದು. ಅಡ್ಡಕ್ಕೆ ಸಾವಿರದ ನಾನೂರು, ಉದ್ದಕ್ಕೆ ಸಾವಿರದ ಐವತ್ತು ಚುಕ್ಕಿಗಳು. ಚುಕ್ಕಿ ಹೆಚ್ಚಾದಷ್ಟು ಅಕ್ಷರ ಸಣ್ಣದು. ನಮ್ಮ ಹಳೆಯ ಕನ್ನಡ ತಂತ್ರಾಂಶದಲ್ಲಿ ಅಕ್ಷರವನ್ನು ಮಾತ್ರ ಹಿಗ್ಗಿಸಿ ನೋಡಲು ದಾರಿ ಇರಲಿಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಧೂಳು ಬಿದ್ದಂತೆ ಕಾಣುತ್ತಿದ್ದವು.

"ಎಂತ ಮಾರಾಯ್ರೇ ಇದು? ಅಕ್ಷರವಾ, ಇರುವೆ ಸಾಲಾ?" ಎಂದು ಕಾಪು ಮೊದಲ ದಿನವೇ ಕೇಳಿದರು.

ಹೇಳಿದ್ದು ಸರಿಯಾಗಿತ್ತು. ನಾನು ರೆಸೊಲ್ಯೂಷನ್ ಇಳಿಸಿ ಎಂಟುನೂರು–ಆರುನೂರಕ್ಕೆ ತಂದೆ. ಅಕ್ಷರ ದೊಡ್ಡದಾಯಿತು, ಆದರೆ ಮಸುಕಾಯಿತು. ಇಂಥ ಪರದೆಯಲ್ಲಿ ಚುಕ್ಕಿಗಳ ಲೆಕ್ಕ ತಯಾರಾಗುವಾಗಲೇ ನಿಗದಿಯಾಗಿರುತ್ತದೆ. ಕಡಿಮೆ ಕೇಳಿದರೆ ಒಂದು ಚುಕ್ಕಿಯನ್ನು ಪಕ್ಕದ ಚುಕ್ಕಿಯ ಮೇಲೂ ಅರ್ಧ ಚಾಚಿ ತೋರಿಸುತ್ತದೆ. ಗೆರೆಯ ಅಂಚು ಕರಗುತ್ತದೆ.

"ಈಗ ಅಡ್ಡಿಯಿಲ್ಲ" ಎಂದರು ಕಾಪು.

ಮಧ್ಯಾಹ್ನ ಬಂದ ಕಾರ್ಕಳ ಪರದೆ ತೆರೆದವನೇ ಕೂಗಿದ. "ಯಾರು ಇದಕ್ಕೆ ಎಣ್ಣೆ ಹಚ್ಚಿದ್ದು? ಚಾರ್ಮಾಡಿಯ ಮಂಜಿನಲ್ಲಿ ಬೋರ್ಡ್ ಓದಿದ ಹಾಗೆ ಆಗ್ತದೆ." ಅವನು ಮತ್ತೆ ಹಿಂದಿನ ಅಳತೆಗೆ ಏರಿಸಿದ.

ಹೀಗೆ ದಿನಾ ನಡೆಯಿತು. ಕಾಪು ಇಳಿಸುವುದು, ಕಾರ್ಕಳ ಏರಿಸುವುದು. ಕೊನೆಗೆ ಒಂದು ಒಪ್ಪಂದವಾಯಿತು. ಕೆಲಸ ಮುಗಿಸಿ ಏಳುವವರು ಮುಂದೆ ಕೂರುವವರ ಅಳತೆಗೆ ಇಟ್ಟು ಏಳಬೇಕು. ಕಾರ್ಕಳ ಸಂಜೆ ಏಳುವಾಗ, "ಕಾಪುವಿಗೆ ಹಾಸಿಗೆ ಹಾಸಿ ಆಯ್ತು" ಎನ್ನುತ್ತಿದ್ದ. ಕಚೇರಿಯಲ್ಲಿ ಆ ಪರದೆಯ ಬಗ್ಗೆ ಎಲ್ಲರದೂ ಒಂದೇ ಅಭಿಪ್ರಾಯ: ಅದು ಸರಿ ಇಲ್ಲ.

ಸುದ್ದಿ ಕಳುಹಿಸುವ ಮೊದಲು ಒಬ್ಬರು ಗಟ್ಟಿಯಾಗಿ ಓದುವುದು, ಬರೆದವರು ಪಕ್ಕದಲ್ಲಿ ನಿಂತು ಕೇಳುವುದು ನಮ್ಮ ಕಚೇರಿಯ ಹಳೆಯ ಪದ್ಧತಿ. ಸೂಚನೆಯಲ್ಲಿ 'ತಾವೇ ಓದಿ' ಎಂದಿದ್ದರೂ ನಾವು ಅದನ್ನು ಬಿಟ್ಟಿರಲಿಲ್ಲ. ಕಾಪು ಒಳ್ಳೆಯ ಕೇಳುಗರು. ಕಣ್ಣು ಮುಚ್ಚಿ ನಿಂತು, "ಅಲ್ಲಿ ವಯಸ್ಸು ಬಿಟ್ಟು ಹೋಯ್ತು," "ಆ ದೋಣಿ ಮಲ್ಪೆಯದ್ದಲ್ಲ, ಕೆಮ್ಮಣ್ಣಿನದ್ದು" ಎಂದು ತಿದ್ದುತ್ತಿದ್ದರು. ಅವರು ಪರದೆ ನೋಡದೆ ಇರುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಮುಂದಿನ ವರ್ಷ ಅವರು ಪರದೆಯ ಮುಂದೆ ಓರೆಯಾಗಿ ಕೂರತೊಡಗಿದರು. ಮುಖವನ್ನು ಎಡಕ್ಕೆ ತಿರುಗಿಸಿ ಬಲಗಣ್ಣಿನಿಂದ ನೋಡುತ್ತಿದ್ದರು. ಕಿಟಕಿಯ ಬೆಳಕು ಹೊಡೆಯುತ್ತದೆ ಎಂದರು. ಮೇಜನ್ನು ತಿರುಗಿಸಿ ಹಾಕಿದೆವು. ಉಡುಪಿಯ ಒಂದು ಕನ್ನಡಕದ ಅಂಗಡಿಯಲ್ಲಿ ಪವರ್ ನೋಡಿಸಿ ಹೊಸ ಕನ್ನಡಕ ಮಾಡಿಸಿಕೊಂಡರು.

"ಹೇಗೆ ಉಂಟು ಹೊಸದು?" ಎಂದು ಕೇಳಿದೆ.

"ಕನ್ನಡಕ ಸರಿ ಉಂಟು. ನಿಮ್ಮ ಸ್ಕ್ರೀನೇ ಹಾಳು."

ಅದೇ ಮಳೆಗಾಲದಲ್ಲಿ ಕಟಪಾಡಿಯ ಹತ್ತಿರ, ಎಡಗಡೆಯಿಂದ ರಸ್ತೆಗೆ ಬಂದ ರಿಕ್ಷಾಕ್ಕೆ ಅವರ ಸ್ಕೂಟರ್ ತಾಗಿತು. ಮೊಣಕೈ ತರಚಿತು, ಅಷ್ಟೇ. ರಿಕ್ಷಾದವನು ಎಲ್ಲಿಂದ ಬಂದನೆಂದೇ ಗೊತ್ತಾಗಲಿಲ್ಲ ಎಂದರು. ಆಮೇಲೆ ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಬಂದು ಹೋಗತೊಡಗಿದರು. ನಮ್ಮ ಕಡೆ ಬಸ್ಸಿನ ಬೋರ್ಡ್ ಓದಿ ಹತ್ತುವವರು ಕಡಿಮೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ಕಾಪು, ಪಡುಬಿದ್ರಿ, ಮುಲ್ಕಿ ಎಂದು ಕೂಗುತ್ತಾನೆ, ಕೇಳಿ ಹತ್ತಿದರಾಯಿತು.

2006ರ ಮಳೆಗಾಲ ಕಳೆದ ಮೇಲೆ ಕಚೇರಿಗೆ ಹೊಸ ಕನ್ನಡ ತಂತ್ರಾಂಶ ಬಂತು. ಹಾಕಿಕೊಡಲು ಮಣಿಪಾಲದಿಂದ ಕಂಪ್ಯೂಟರ್ ರಿಪೇರಿಯವನೊಬ್ಬ ಬಂದ. ನಮ್ಮ ಏರಿಳಿತದ ಕಥೆ ಕೇಳಿ ನಕ್ಕ. ಪರದೆಯ ಅಳತೆಯನ್ನು ಅದರ ಪೂರ್ತಿ ಚುಕ್ಕಿಗಳಿಗೇ ಇಟ್ಟು, ಅಕ್ಷರವನ್ನು ಮಾತ್ರ ದೊಡ್ಡದು ಮಾಡಿದ. ಗೆರೆಗಳ ಅಂಚು ನಯವಾಗಿ ಕಾಣುವ ಹಾಗೆ ಏನನ್ನೋ ಬದಲಿಸಿದ. ಅಕ್ಷರಗಳು ಮದುವೆ ಕಾಗದದಲ್ಲಿ ಅಚ್ಚಾದಂತೆ ಎದ್ದು ಬಂದವು. ಒತ್ತು, ದೀರ್ಘ, ಎಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದವು.

ಆ ದಿನ ಕಾರ್ಕಳ ಕೂಡ ಬೇಗ ಬಂದಿದ್ದ. "ಕಾಪು ಅಣ್ಣಾ, ಬನ್ನಿ ಬನ್ನಿ, ನಮ್ಮ ಜಗಳ ಮುಗಿಯಿತು" ಎಂದು ಅವರನ್ನು ಕರೆದು ಕುರ್ಚಿಯಲ್ಲಿ ಕೂರಿಸಿದ. ಕಾಪು ಕನ್ನಡಕ ಒರೆಸಿ ಹಾಕಿಕೊಂಡರು. ಪರದೆಯ ಕಡೆ ನೋಡಿದರು. ಸ್ವಲ್ಪ ಹೊತ್ತು ಕಾದರು.

"ಹಾಕಿ ಆಯ್ತಾ?" ಎಂದು ಕೇಳಿದರು.

ಕಾರ್ಕಳ ತಮಾಷೆ ಎಂದುಕೊಂಡ. "ಇನ್ನು ಎಂತ, ಗೋಡೆ ಮೇಲೆ ಸುಣ್ಣದಲ್ಲಿ ಬರೆದು ತೋರಿಸ್ಬೇಕಾ?"

ಕಾಪು ನಗಲಿಲ್ಲ. ಮುಖ ತಿರುಗಿಸಿ, ಬಲಗಣ್ಣನ್ನು ಪರದೆಯ ಹತ್ತಿರ ತಂದರು. ಬೆರಳಿನಿಂದ ಒಂದು ಜಾಗ ಮುಟ್ಟಿದರು. "ಇಲ್ಲಿ ಒಂದಕ್ಷರ ಉಂಟು. ಚಂದ ಉಂಟು. ಪಕ್ಕದ್ದು ಎಲ್ಲಿ?"

ಪಕ್ಕದ ಅಕ್ಷರ ಅವರ ಬೆರಳಿನ ಮುಂದೆಯೇ ಇತ್ತು. ರಿಪೇರಿಯವನು ನನ್ನ ಮುಖ ನೋಡಿದ. ಕಾರ್ಕಳ ಅವರ ಹೆಗಲ ಮೇಲೆ ಇಟ್ಟಿದ್ದ ಕೈ ತೆಗೆದ. ಕಾಪು ತಲೆಯನ್ನು ಸ್ವಲ್ಪ ಸ್ವಲ್ಪವೇ ಬಲಕ್ಕೆ ಸರಿಸುತ್ತ ಮುಂದಿನ ಅಕ್ಷರ ಹುಡುಕಿದರು, ಸಿಕ್ಕಿದ್ದನ್ನು ಓದಿದರು, ಮತ್ತೆ ಸರಿಸಿದರು. ಹೀಗೆ ಒಂದು ಪದ ಮುಗಿಸಿದರು. ಮುಗಿದ ಮೇಲೆ ಅವರೇ ಹೇಳಿದರು: "ಇವತ್ತು ನನ್ನ ಸುದ್ದಿ ನೀವೇ ಹೊಡೆದು ಬಿಡಿ."

ಆ ವಾರದಲ್ಲೇ ಅವರ ಹೆಂಡತಿ ಅವರನ್ನು ಮಣಿಪಾಲದ ಕಣ್ಣಿನ ವೈದ್ಯರಲ್ಲಿಗೆ ಕರೆತಂದರು. ನಾನೂ ಹೋಗಿದ್ದೆ. ಬೋಗುಣಿಯಂಥ ಬಿಳಿ ಯಂತ್ರದ ಒಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು, ಅದು ಪರೀಕ್ಷೆ. ಬಾಗಿಲು ಅರ್ಧ ತೆರೆದಿತ್ತು. ಗುಂಡಿಯ ಸದ್ದು ಹೊರಗಿನ ಬೆಂಚಿಗೆ ಕೇಳುತ್ತಿತ್ತು. ನಡುವೆ ಬಹಳ ಹೊತ್ತು ಏನೂ ಕೇಳುತ್ತಿರಲಿಲ್ಲ. ಆಗ ಅವರ ಹೆಂಡತಿ ಬಾಗಿಲನ್ನೇ ನೋಡುತ್ತಿದ್ದರು.

"ಮನೆಯಲ್ಲಿ ಪೇಪರ್ ನಾನೇ ಓದಿ ಹೇಳುದು," ಎಂದರು. "ಬಂಗುಡೆ ಮೀನಿನ ಮುಳ್ಳು ಬಿಡಿಸಿ ಬಟ್ಟಲಿಗೆ ಹಾಕಿ ಕೊಡ್ಬೇಕು. ಕಳೆದ ವರ್ಷದಿಂದ ಹೇಳ್ತಾ ಇದ್ದೇನೆ, ಒಮ್ಮೆ ಮಣಿಪಾಲಕ್ಕೆ ಹೋಗುವ ಅಂತ. ಕಣ್ಣಿಗೆ ಎಂತದೂ ಆಗ್ಲಿಲ್ಲ, ಆಫೀಸಿನಲ್ಲಿ ಎಲ್ಲರಿಗೂ ಹಾಗೆಯೇ ಕಾಣುದು ಅಂತಾರೆ ಇವರು. ಹೌದಾ? ನಿಮಗೂ ಹಾಗೆಯೇ ಕಾಣುದಾ?"

"ಮಸುಕಾಗಿತ್ತು. ನಮಗೆ ಓದಲು ಆಗುತ್ತಿತ್ತು" ಎಂದೆ.

ಅವರು ಸೆರಗಿನಿಂದ ಕನ್ನಡಕದ ಡಬ್ಬಿ ಒರೆಸುತ್ತ ಕೂತರು. ಅದು ಅವರ ಗಂಡನ ಹೊಸ ಕನ್ನಡಕದ ಡಬ್ಬಿ.

ಗ್ಲಾಕೋಮಾ ಎಂದರು ವೈದ್ಯರು. ಕಣ್ಣಿನ ಒಳಗಿನ ಒತ್ತಡ ಹೆಚ್ಚಿ ನರ ಸಾಯುತ್ತ ಬರುತ್ತದೆ, ನೋಟ ಅಂಚಿನಿಂದ ಸವೆಯುತ್ತದೆ, ನೋವು ಇರುವುದಿಲ್ಲ, ಅದಕ್ಕೇ ಬೇಗ ಗೊತ್ತಾಗುವುದಿಲ್ಲ ಎಂದು ವಿವರಿಸಿದರು. ಎಡಗಣ್ಣಿನಲ್ಲಿ ಬಹುಪಾಲು ಹೋಗಿತ್ತು. ಬಲಗಣ್ಣಿನಲ್ಲಿ ನಡುವಿನ ಸಣ್ಣ ಭಾಗ ಉಳಿದಿತ್ತು.

"ಯಾವಾಗಿನಿಂದ ತೊಂದರೆ?" ಎಂದು ವೈದ್ಯರು ಕೇಳಿದರು.

"ಲ್ಯಾಪ್‌ಟಾಪ್ ಬಂದಲ್ಲಿಂದ."

"ಇದು ಲ್ಯಾಪ್‌ಟಾಪಿನಿಂದ ಬಂದದ್ದಲ್ಲ. ಅದಕ್ಕೂ ಮೊದಲೇ ಶುರುವಾಗಿರಬೇಕು. ಹೋದದ್ದು ವಾಪಸ್ ಬರುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳುವ."

"ಟೈಪ್ ಮಾಡಬಹುದಾ ಡಾಕ್ಟ್ರೇ?"

"ಮಾಡಬಹುದು. ಓದುವುದಕ್ಕೆ ಬೇರೆಯವರು ಬೇಕಾಗಬಹುದು."

ವಾಪಸ್ ಬರುವ ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂತಿದ್ದರು. ಕರಾರಿನ ವಿಷಯ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಇಂದ್ರಾಳಿ ದಾಟುವಾಗ ಅವರು ಕೇಳಿದ್ದು, ನಿನ್ನೆಯ ಸುದ್ದಿಗೆ ಶೀರ್ಷಿಕೆ ಏನು ಕೊಟ್ಟಿರಿ ಎಂದು.

ಅವರು ಫೋನಿನಲ್ಲಿ ಹೇಳಲಿ, ಕಚೇರಿಯಲ್ಲಿ ಯಾರಾದರೂ ಟೈಪ್ ಮಾಡುತ್ತೇವೆ ಎಂದು ನಾನು ಪ್ರಧಾನ ಕಚೇರಿಗೆ ಬರೆದೆ. ಕೆಲವು ತಿಂಗಳು ಹಾಗೆ ನಡೆಯಿತು. ಕೇಳಿ ಟೈಪ್ ಮಾಡುತ್ತಿದ್ದವನು ಹೆಚ್ಚಾಗಿ ಕಾರ್ಕಳ. "ಪೂರ್ಣವಿರಾಮ" ಎಂದು ಕಾಪು ಆಚೆಯಿಂದ ಹೇಳಿದಾಗ, "ಹಾಕಿದೆ ಅಣ್ಣಾ, ನೀವು ಉಸಿರು ಬಿಡಿ" ಎನ್ನುತ್ತಿದ್ದ. ತಮ್ಮ ಪ್ರತಿಯನ್ನು ತಾವೇ ಓದಿ ತಿದ್ದುವುದು ಎಲ್ಲ ವರದಿಗಾರರಿಗೂ ಅನ್ವಯಿಸುವ ನಿಯಮ, ಒಬ್ಬರಿಗೆ ಬಿಡಲಾಗದು ಎಂದು ಪ್ರಧಾನ ಕಚೇರಿಯಿಂದ ದೂರವಾಣಿಯಲ್ಲಿ ಉತ್ತರ ಬಂತು. 2007ರ ಮಾರ್ಚ್‌ನಲ್ಲಿ ಅವರ ಕರಾರು ಮುಗಿಯಿತು. ನವೀಕರಣವಾಗಲಿಲ್ಲ. ಕಾಪು ಕಡೆಗೆ ಬೇರೆ ವರದಿಗಾರ ಬಂದ.

ಅದರ ನಂತರವೂ ಅವರು ಆಗಾಗ ಎರ್ಮಾಳಿನಿಂದ ಫೋನ್ ಮಾಡುತ್ತಿದ್ದರು. ದಡಕ್ಕೆ ಅಪ್ಪಳಿಸಿದ ದೋಣಿ, ಮುಳುಗಿದವರ ಹುಡುಕಾಟ, ಹೆದ್ದಾರಿಯ ಅಪಘಾತ. ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು, ಅವರ ಹೆಸರು ಇರುತ್ತಿರಲಿಲ್ಲ.

ಎರಡು ಕಣ್ಣಿಗೂ ದಿನಕ್ಕೆರಡು ಸಲ ಔಷಧಿ ಬಿಡುತ್ತಾರೆ. ಬಿಡುವುದು ಹೆಂಡತಿ. 2009ರ ಕೊನೆಯಲ್ಲಿ ಮಣಿಪಾಲದಲ್ಲಿ ಮತ್ತೊಮ್ಮೆ ಪರೀಕ್ಷೆ ಆಯಿತು. ಎಡಗಣ್ಣು ಈಗ ಬೆಳಕನ್ನಷ್ಟೇ ಗುರುತಿಸುತ್ತದೆ. ಬಲಗಣ್ಣಿನಲ್ಲಿ ಉಳಿದಿದ್ದ ಭಾಗ ಹಿಂದಿನ ಪರೀಕ್ಷೆಯಲ್ಲಿ ಇದ್ದಷ್ಟೇ ಇದೆ.